‘ಬಾಡಿಗೆ ಮನೆ ನೋಡೋಕೆ ಬಂದಿದೀವಿ ಅನ್ನಿ!’

‘ಯಾರಾದ್ರೂ ಕೇಳಿದ್ರೆ ಬಾಡಿಗೆ ಮನೆ ನೋಡೋಕೆ ಬಂದಿದೀವಿ ಅನ್ನಿ. ಕೊಂಡ್ಕೊಳ್ತೀವಿ ಅಂತ ಮಾತ್ರ ಬಾಯಿ ಬಿಡಬೇಡಿ.’

ತುಮಕೂರಿನ ಆ ಬೀದಿಯ ತಿರುವಿನಲ್ಲಿ ಸ್ಕೂಟರ್ ನಿಲ್ಲಿಸಿ ಬ್ರೋಕರ್ ಅಂಕಲ್ ಹೇಳಿದ ಮೊದಲ ಮಾತು ಇದು. ಅಪ್ಪ ತಲೆಯಾಡಿಸಿದರು. ಅಮ್ಮ ಸೆರಗು ಸರಿಮಾಡಿಕೊಂಡು ಸುಮ್ಮನೆ ನಿಂತರು. ನಾನು ‘ಯಾಕಂಕಲ್?’ ಅಂದೆ. ‘ಒಳ್ಳೆ ಪ್ರಾಪರ್ಟಿ ಕಣಮ್ಮ. ಅಕ್ಕಪಕ್ಕದವರಿಗೆ ಗೊತ್ತಾದ್ರೆ ಮಧ್ಯೆ ಬಾಯಿ ಹಾಕಿ ರೇಟು ಏರಿಸ್ತಾರೆ’ ಅಂದರು. ಕಾರಣ ಸರಿ ಅನ್ನಿಸಿತು. ಎದುರು ಮನೆಯ ಅಜ್ಜಿ ‘ಬಾಡಿಗೆಗಾ?’ ಎಂದು ಕೇಳಿದಾಗ ನಾನೇ ಮುಂದೆ ಬಂದು ‘ಹೌದಜ್ಜಿ’ ಅಂದುಬಿಟ್ಟೆ. ಆ ಒಂದು ಸುಳ್ಳಿನ ಹಿಂದೆ ಇನ್ನೊಬ್ಬ ಹೆಣ್ಣುಮಗಳ ಪಾಲು ಅಡಗಿತ್ತು ಎಂದು ತಿಳಿಯುವಷ್ಟರಲ್ಲಿ ನಮ್ಮ ಎರಡು ಲಕ್ಷ ರೂಪಾಯಿ ಆ ಮನೆಯ ಮಾಲೀಕರ ಖಾತೆ ಸೇರಿತ್ತು.

ಹತ್ತೊಂಬತ್ತು ವರ್ಷದಲ್ಲಿ ನಾವು ಐದು ಬಾಡಿಗೆ ಮನೆ ಬದಲಿಸಿದ್ದೇವೆ. ಅಪ್ಪ ಬಸ್ ಡಿಪೊದಲ್ಲಿ ಮೆಕ್ಯಾನಿಕ್. ಅಮ್ಮ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಅಪ್ಪನ ಪಿಎಫ್‌ನ ಸ್ವಲ್ಪ ಹಣ, ಎತ್ತಿದ ಚೀಟಿ, ಅಮ್ಮನ ಎರಡು ಬಳೆ, ಮೇಲೆ ಬ್ಯಾಂಕಿನ ಸಾಲ ಎಲ್ಲ ಸೇರಿಸಿದರೆ 20–30ರ ಸೈಟಿನ ಆ ಹಳೆ ಮನೆ ನಮ್ಮ ಕೈಗೆ ಎಟುಕುವಂತಿತ್ತು. ₹32 ಲಕ್ಷಕ್ಕೆ ಮಾತಾಯಿತು. ಆ ರಾತ್ರಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಅಮ್ಮ ಹೊಲಿಗೆ ಯಂತ್ರ ಯಾವ ಕಿಟಕಿ ಪಕ್ಕ ಇಡುವುದು ಎಂದು ಮಧ್ಯರಾತ್ರಿ ಕೇಳುತ್ತಿದ್ದರು.

ಯಾರದೂ ಅಲ್ಲದ ತಿಂಗಳುಗಳು

ಮನೆ ಕೊಳ್ಳುವುದರಲ್ಲಿ ಎರಡು ದಿನ ಮುಖ್ಯ. ಒಂದು, ಕ್ರಯದ ಕರಾರಿಗೆ ಸಹಿ ಹಾಕಿ ಮುಂಗಡ ಕೊಡುವ ದಿನ. ಇನ್ನೊಂದು, ಉಪನೋಂದಣಾಧಿಕಾರಿ ಕಚೇರಿಯಲ್ಲಿ ಕ್ರಯಪತ್ರ ನೋಂದಣಿಯಾಗುವ ದಿನ. ಬ್ಯಾಂಕ್ ಸಾಲ ಮಂಜೂರಾಗಬೇಕು, ದಾಖಲೆ ಒಟ್ಟಾಗಬೇಕು ಎಂದು ಇವೆರಡರ ನಡುವೆ ಎರಡು–ಮೂರು ತಿಂಗಳು ಹೋಗುತ್ತದೆ. ಆಗ ಮನೆ ಅರ್ಧ ನಮ್ಮದೇ ಅನ್ನಿಸುತ್ತದೆ. ಅನ್ನಿಸುವುದು ಅಷ್ಟೇ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ ಕರಾರು ಪತ್ರವೊಂದರಿಂದಲೇ ಆಸ್ತಿಯ ಮೇಲೆ ಹಕ್ಕು ಹುಟ್ಟುವುದಿಲ್ಲ. ಹಕ್ಕು ಬರುವುದು ನೋಂದಣಿಯಾದ ಕ್ರಯಪತ್ರದಿಂದ ಮಾತ್ರ.

ಬ್ರೋಕರ್‌ಗಳ ವಿಚಿತ್ರ ಕೋರಿಕೆಗಳೆಲ್ಲ ಬರುವುದು ಸರಿಯಾಗಿ ಈ ಅವಧಿಯಲ್ಲೇ. ದಿನಕ್ಕೊಂದು ಫೋನ್, ದಿನಕ್ಕೊಂದು ‘ಅಣ್ಣಾ, ಇದೊಂದು ಮಾಡಿಬಿಡಿ’. ಅಪ್ಪ ಯಾರಿಗೂ ಇಲ್ಲ ಅನ್ನುವವರಲ್ಲ. ಅಜ್ಜಿ ಅಪ್ಪನಿಗೆ ಯಾವಾಗಲೂ ಹೇಳುತ್ತಿದ್ದ ಮಾತು ‘ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರೋಕೆ ಜಾಗ ಇರಲ್ಲ ಕಣೋ’ ಎಂಬುದು. ಹಾಗಾಗಿ ನಾನು ಹಳೆಯ ಡಿಬಿಎಂಎಸ್ ಲ್ಯಾಬ್ ರೆಕಾರ್ಡಿನ ಖಾಲಿ ಪುಟಗಳಲ್ಲಿ ಮೂರು ಕಾಲಂ ಎಳೆದೆ. ಏನು ಕೇಳಿದರು? ಇದರಿಂದ ಯಾರಿಗೆ ಅನುಕೂಲ? ನಾಳೆ ನೋಂದಣಿಯೇ ಆಗದಿದ್ದರೆ ನಮ್ಮ ಗತಿ ಏನು? ಬ್ರೋಕರ್ ಅಂಕಲ್ ಏನೇ ಕೇಳಿದರೂ ‘ಮಗಳನ್ನ ಕೇಳಿ ಹೇಳ್ತೀನಿ’ ಎನ್ನುವುದು ಅಪ್ಪನ ಕೆಲಸ. ಇಲ್ಲ ಎನ್ನಲು ಬಾರದವರಿಗೆ ‘ಕೇಳಿ ಹೇಳ್ತೀನಿ’ ಅನ್ನುವುದು ಸುಲಭ ಎಂದು ಆಗ ಗೊತ್ತಾಯಿತು.

‘ನನ್ನ ಅಕೌಂಟಿಗೇ ಹಾಕಿ’

ರೆಕಾರ್ಡಿನ ಮೊದಲ ಸಾಲು ಇದು: ಮುಂಗಡದ ಎರಡು ಲಕ್ಷವನ್ನು ನಗದಾಗಿ ಕೊಡಿ, ಇಲ್ಲದಿದ್ದರೆ ನನ್ನ ಖಾತೆಗೆ ಹಾಕಿ, ನಾನು ಓನರ್‌ಗೆ ತಲುಪಿಸುತ್ತೇನೆ. ‘ಓನರ್ ಬೆಂಗಳೂರಲ್ಲಿರ್ತಾರೆ, ಅವರಿಗೆ ಈ ಮೊಬೈಲ್ ಬ್ಯಾಂಕಿಂಗ್ ಎಲ್ಲ ಬರಲ್ಲ’ ಎಂಬ ವಿವರಣೆ ಬೇರೆ.

ಎರಡನೇ ಕಾಲಂನಲ್ಲಿ ‘ಬ್ರೋಕರ್‌ಗೆ’ ಎಂದು ಬರೆದೆ. ಮೂರನೆಯದರಲ್ಲಿ ‘ಸಾಕ್ಷಿಯೇ ಇಲ್ಲ’ ಎಂದು ಬರೆದೆ. ಆಮೇಲೆ ಹುಡುಕಿದರೆ ಕಾನೂನೇ ನಮ್ಮ ಪರ ಇತ್ತು. ಆದಾಯ ತೆರಿಗೆ ಕಾನೂನಿನಲ್ಲಿ 2015ರ ಜೂನ್‌ನಿಂದ ಜಾರಿಗೆ ಬಂದ ನಿಯಮದಂತೆ, ಮನೆ–ನಿವೇಶನದ ವ್ಯವಹಾರದಲ್ಲಿ ₹20 ಸಾವಿರ ಅಥವಾ ಅದಕ್ಕೂ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವಂತಿಲ್ಲ. ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಅಪ್ಪ ಇದನ್ನು ಬಾಯಿಪಾಠ ಮಾಡಿಕೊಂಡು ಫೋನಿನಲ್ಲಿ ಹೇಳಿದರು: ‘ನಮಗೇನಿಲ್ಲಪ್ಪ, ನಿಮ್ಮ ಓನರ್‌ಗೇ ತೊಂದರೆ ಆಗುತ್ತಂತೆ.’ ಮರುದಿನವೇ ಮಾಲೀಕರ ಖಾತೆ ಸಂಖ್ಯೆ ಬಂತು. ಮೊಬೈಲ್ ಬ್ಯಾಂಕಿಂಗ್ ಬಾರದವರು ಹಣ ಬಂದ ಎರಡು ನಿಮಿಷಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ಕೈ ಮುಗಿದ ಚಿತ್ರ ಕಳಿಸಿದರು!

ಕರಾರು ಪತ್ರವನ್ನು ಬ್ರೋಕರ್ ಅಂಕಲ್ ಬಳಿ ಇದ್ದ ರೆಡಿ ಫಾರಂನಲ್ಲೇ ಮಾಡಿಬಿಡೋಣ ಎಂದರು. ಅಪ್ಪನ ಸಹೋದ್ಯೋಗಿಯೊಬ್ಬರ ತಮ್ಮ ವಕೀಲರು. ಅವರ ಬಳಿ ಹೋಗಿ ಬರೆಸಿದೆವು. ಅವರು ಅದರಲ್ಲಿ ಒಂದು ಸಾಲು ಸೇರಿಸಿದರು: ‘ಹಕ್ಕಿನ ದಾಖಲೆಯಲ್ಲಿ ದೋಷ ಕಂಡುಬಂದು ಕ್ರಯವಾಗದಿದ್ದಲ್ಲಿ ಮುಂಗಡ ಹಣವನ್ನು ಮೂವತ್ತು ದಿನದೊಳಗೆ ಹಿಂದಿರುಗಿಸತಕ್ಕದ್ದು.’ ಅವತ್ತು ಅದು ಸುಮ್ಮನೆ ಇರಲಿ ಎಂದು ಸೇರಿಸಿದ ಸಾಲಿನಂತೆ ಕಂಡಿತ್ತು.

ಅರವತ್ತು ಸಾವಿರದ ಆಸೆ

ಎರಡನೇ ಕೋರಿಕೆಗೆ ನಮ್ಮ ಮನೆಯಲ್ಲೇ ಎರಡು ಪಕ್ಷವಾಯಿತು. ‘ಪತ್ರದಲ್ಲಿ 24 ಲಕ್ಷ ತೋರಿಸೋಣ. ಗೈಡೆನ್ಸ್ ವ್ಯಾಲ್ಯೂ ಅಷ್ಟೇ ಇರೋದು. ಮಿಕ್ಕಿದ್ದು ಕ್ಯಾಶ್. ಎಲ್ಲರೂ ಮಾಡೋದೇ ಹಿಂಗೆ’ ಎಂದರು ಬ್ರೋಕರ್ ಅಂಕಲ್.

ಲೆಕ್ಕ ಹಾಕಿದೆ. ನಗರ ಪ್ರದೇಶದಲ್ಲಿ ಇಂಥ ಮನೆಗೆ ಮುದ್ರಾಂಕ ಶುಲ್ಕ ಶೇ 5. ಅದರ ಮೇಲಿನ ಸೆಸ್, ಸರ್ಚಾರ್ಜ್ ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 1ರ ಬದಲು ಶೇ 2 ಆಗಿದೆ. ಒಟ್ಟು ಶೇ 7.6. ಎಂಟು ಲಕ್ಷ ಕಡಿಮೆ ತೋರಿಸಿದರೆ ಉಳಿಯುವುದು ₹60,800. ನಮ್ಮಂಥ ಮನೆಗೆ ಇದು ಸಣ್ಣ ಹಣವಲ್ಲ. ಅಮ್ಮ ಅಡವಿಟ್ಟ ಬಳೆಯೊಂದು ವಾಪಸ್ ಬರುತ್ತಿತ್ತು. ಅಪ್ಪ ಎರಡು ದಿನ ಏನೂ ಮಾತಾಡಲಿಲ್ಲ.

ಮೂರನೇ ಕಾಲಂ ತುಂಬಿಸಿದಾಗ ಆಸೆ ಇಳಿಯಿತು. ಕಾಗದದಲ್ಲಿ ಇಲ್ಲದ ಎಂಟು ಲಕ್ಷವನ್ನು ನಾಳೆ ಜಗಳವಾದರೆ ಯಾವ ನ್ಯಾಯಾಲಯದಲ್ಲಿ ಕೇಳುವುದು? ಬ್ಯಾಂಕ್ ಸಾಲ ಕೊಡುವುದು ಪತ್ರದಲ್ಲಿರುವ ಬೆಲೆ ನೋಡಿಕೊಂಡು. ಆ ಎಂಟು ಲಕ್ಷ ನಗದು ತರುವುದೆಲ್ಲಿಂದ? ಮುಂದೆ ಎಂದಾದರೂ ಮನೆ ಮಾರಿದರೆ 24 ಲಕ್ಷಕ್ಕೆ ಕೊಂಡಂತೆ ಲೆಕ್ಕವಾಗಿ, ಬಾರದ ಲಾಭಕ್ಕೂ ನಾವೇ ತೆರಿಗೆ ಕಟ್ಟಬೇಕು. ಎಲ್ಲಕ್ಕಿಂತ ಮೊದಲು, ಅದು ಸರ್ಕಾರಕ್ಕೆ ಮಾಡುವ ಮೋಸ. ‘ನಾಳೆ ನಮ್ಮ ಸಂಬಳ ಬರೋದು ಅದೇ ಸರ್ಕಾರದಿಂದ ತಾನೇ’ ಎಂದು ಅಪ್ಪನೇ ಕೊನೆಗೆ ನಕ್ಕು ಮಾತು ಮುಗಿಸಿದರು.

ಒಳ್ಳೆಯ ಕಿರಿಕಿರಿಗಳೂ ಇದ್ದವು

ಬ್ರೋಕರ್ ಅಂದರೆ ಕಳ್ಳ ಎಂದು ಬರೆಯಲು ನಾನು ಕೂತಿಲ್ಲ. ಅವರ ಕೆಲವು ವಿಚಿತ್ರ ಬೇಡಿಕೆಗಳು ನಮಗೇ ಉಪಕಾರವಾದವು. ‘ಅಣ್ಣಾ, ನಿಮ್ಮ ಪ್ಯಾನ್‌ನಲ್ಲಿ ಇನಿಷಿಯಲ್ ಮುಂದೆ ಇದೆ, ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಇದೆ, ಮೊದಲು ಸರಿಮಾಡಿಸಿ’ ಎಂದು ಅವರು ಪೀಡಿಸಿದಾಗ ಇದೇನು ತಲೆನೋವು ಅನ್ನಿಸಿತ್ತು. ಸಾಲದ ಅರ್ಜಿ ಕೊಡುವಾಗ ಬ್ಯಾಂಕಿನವರು ಮೊದಲು ನೋಡಿದ್ದೇ ಅದನ್ನು. ಮನೆಯ ಉದ್ದಗಲವನ್ನು ನಾವೇ ಟೇಪು ಹಿಡಿದು ಅಳೆಯಬೇಕು, ಚೆಕ್ಕುಬಂದಿಯನ್ನು ಹಳೆ ಪತ್ರದ ಜೊತೆ ತಾಳೆ ನೋಡಬೇಕು ಎಂದು ಹೇಳಿಕೊಟ್ಟವರೂ ಅವರೇ. ಈ ಬೇಡಿಕೆಗಳಿಗೆ ನನ್ನ ಎರಡನೇ ಕಾಲಂನಲ್ಲಿ ‘ನಮಗೆ’ ಎಂದೇ ಬರೆದಿದ್ದೇನೆ.

ಆಧಾರ್, ಪ್ಯಾನ್ ಫೋಟೊ ವಾಟ್ಸ್‌ಆ್ಯಪ್ ಮಾಡಿ ಎಂದಾಗ ಮಾತ್ರ ಸ್ವಲ್ಪ ಎಚ್ಚರ ವಹಿಸಿದೆ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ‘ಮಾಸ್ಕ್ಡ್ ಆಧಾರ್’ ಅನ್ನು ಯುಐಡಿಎಐ ತಾಣದಿಂದಲೇ ಇಳಿಸಿಕೊಳ್ಳಬಹುದು. ಅದನ್ನು ಕಳಿಸಿದೆ. ಪೂರ್ತಿ ದಾಖಲೆಯನ್ನು ಬ್ಯಾಂಕಿಗೆ ಮತ್ತು ವಕೀಲರಿಗೆ ಮಾತ್ರ ಕೊಟ್ಟೆವು.

ಧನುರ್ಮಾಸದ ಬೀಗದಕೈ

ಕಾರ್ತಿಕ ಮಾಸ ಮುಗಿಯುತ್ತಾ ಬಂದಂತೆ ಹೊಸ ರಾಗ ಶುರುವಾಯಿತು. ‘ಧನುರ್ಮಾಸ ಬಂದ್ರೆ ಸಂಕ್ರಾಂತಿವರೆಗೂ ಶುಭಕಾರ್ಯ ಇಲ್ಲ. ಈಗಲೇ ಒಂದು ಒಳ್ಳೆ ಮುಹೂರ್ತ ಇದೆ. ಕೀ ತಗೊಳ್ಳಿ, ಹಾಲು ಉಕ್ಕಿಸಿಬಿಡಿ. ರಿಜಿಸ್ಟ್ರೇಷನ್ ಆಮೇಲೆ ನಿಧಾನಕ್ಕೆ ಆಗುತ್ತೆ. ಅದಕ್ಕೆ ಇನ್ನೊಂದು ಐದು ಲಕ್ಷ ಓನರ್‌ಗೆ ಹಾಕಿ.’

ಈ ಬೇಡಿಕೆಗೆ ಅಮ್ಮನ ಮನಸ್ಸು ಓಲಾಡಿತು. ಯಾವ ಅಮ್ಮನಿಗೆ ಓಲಾಡುವುದಿಲ್ಲ ಹೇಳಿ? ವಕೀಲರ ಹತ್ತಿರ ಓಡಿದೆ. ಅವರು ವಿವರಿಸಿದ್ದು ಇಷ್ಟು: ನಮ್ಮ ರಾಜ್ಯದಲ್ಲಿ ಸ್ವಾಧೀನ ಕೊಟ್ಟು ಮಾಡಿಕೊಳ್ಳುವ ಕರಾರಿಗೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ಕಟ್ಟಬೇಕು. ಕಟ್ಟದೆ ಸುಮ್ಮನೆ ಒಳಗೆ ಹೋದರೆ ನಾಳೆ ಆ ಕಾಗದಕ್ಕೆ ಬಲ ಇರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಒಮ್ಮೆ ಹಾಲು ಉಕ್ಕಿಸಿ, ನೆಂಟರಿಗೆಲ್ಲ ಊಟ ಹಾಕಿ, ಸುಣ್ಣ–ಬಣ್ಣಕ್ಕೆ ಖರ್ಚು ಮಾಡಿದ ಮೇಲೆ ದಾಖಲೆಯಲ್ಲಿ ಏನೇ ತೊಂದರೆ ಕಂಡರೂ ಹಿಂದೆ ಸರಿಯಲು ನಮಗೇ ಮನಸ್ಸು ಬರುವುದಿಲ್ಲ. ‘ಬೀಗದಕೈ ನಿಮ್ಮ ಕೈಲಿದ್ರೂ ಕಟ್ಟಿಹಾಕೋದು ನಿಮ್ಮನ್ನೇ ಕಣಮ್ಮ’ ಎಂದರು ವಕೀಲರು.

ಇಷ್ಟೊಂದು ಅವಸರ ಯಾಕೆ ಎಂಬ ಪ್ರಶ್ನೆ ಆಗ ಹುಟ್ಟಿತು. ಅದೇ ವಾರ ಇನ್ನೂ ಎರಡು ಕೋರಿಕೆ ಬಂದವು. ‘ಈ ಬ್ಯಾಂಕ್ ಬಿಡಿ, ತುಂಬಾ ಕಿರಿಕಿರಿ. ನನಗೆ ಗೊತ್ತಿರೋ ಫೈನಾನ್ಸ್‌ನವರು ಲೀಗಲ್ ಅಷ್ಟಾಗಿ ನೋಡಲ್ಲ’ ಎಂಬುದು ಒಂದು. ‘ಒಪಿನಿಯನ್ ಬೇಕಾದ್ರೆ ನಮ್ಮ ಲಾಯರ್ ಹತ್ರಾನೇ ತಗೊಳ್ಳಿ’ ಎಂಬುದು ಇನ್ನೊಂದು. ರೆಕಾರ್ಡಿನ ಪುಟವನ್ನು ಮೇಲಿಂದ ಕೆಳಗೆ ಓದಿದೆ. ಒಂದೊಂದಾಗಿ ನೋಡಿದರೆ ಎಲ್ಲಕ್ಕೂ ಒಂದು ಕಾರಣ ಇತ್ತು. ಒಟ್ಟಾಗಿ ನೋಡಿದರೆ ಎಲ್ಲವೂ ಒಂದೇ ಕಡೆ ಬೊಟ್ಟು ಮಾಡುತ್ತಿದ್ದವು: ಯಾರ ಜೊತೆಗೂ ಮಾತಾಡಬೇಡಿ, ಯಾರಿಗೂ ಕಾಗದ ತೋರಿಸಬೇಡಿ, ಬೇಗ ಮುಗಿಸಿ.

ಎದುರು ಮನೆಯ ಅಜ್ಜಿ

ಕಾವೇರಿ ತಾಣದಲ್ಲಿ ಇಸಿ, ಅಂದರೆ ಋಣಭಾರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದೆ. ಬಂದದ್ದರಲ್ಲಿ ಒಂದೇ ಒಂದು ವ್ಯವಹಾರ ಇತ್ತು. 1994ರಲ್ಲಿ ಈಗಿನ ಮಾಲೀಕರ ತಂದೆ ಮನೆಯನ್ನು ಕೊಂಡಿದ್ದರು. ಆಮೇಲೆ ಏನೂ ಇಲ್ಲ. ಸಾಲವಿಲ್ಲ, ಅಡಮಾನವಿಲ್ಲ. ‘ಕ್ಲೀನ್’ ಎಂದು ನಾನು ಕುಣಿದೆ. ವಕೀಲರು ಕುಣಿಯಲಿಲ್ಲ. ‘ತಂದೆ ಹೆಸರಿಂದ ಮಗನ ಹೆಸರಿಗೆ ಬಂದಿದ್ದು ಹೇಗೆ? ವಿಭಾಗಪತ್ರ ಇಲ್ಲ, ಉಯಿಲು ಇಲ್ಲ, ದಾನಪತ್ರ ಇಲ್ಲ. ಇ–ಖಾತಾ ಮಗನ ಹೆಸರಲ್ಲಿದೆ ನಿಜ. ಆದ್ರೆ ಖಾತೆ ಅನ್ನೋದು ತೆರಿಗೆ ಕಟ್ಟೋರ ಹೆಸರು ಅಷ್ಟೇ. ವಂಶವೃಕ್ಷ ತರ್ಸಿ.’

ವಂಶವೃಕ್ಷ ಕೇಳಿದರೆ ಬ್ರೋಕರ್ ಅಂಕಲ್ ‘ಕೊಡ್ತಾರೆ, ಕೊಡ್ತಾರೆ’ ಅನ್ನುತ್ತಲೇ ಹತ್ತು ದಿನ ಕಳೆದರು. ಅಷ್ಟರಲ್ಲಿ ಅಮ್ಮ ಒಂದು ಕೆಲಸ ಮಾಡಿದರು. ಅಮ್ಮನಿಗೆ ಇಸಿ ಓದಲು ಬರುವುದಿಲ್ಲ, ಬೀದಿ ಓದಲು ಬರುತ್ತದೆ. ಒಂದು ಮಧ್ಯಾಹ್ನ ಒಬ್ಬರೇ ಹೋಗಿ ಎದುರು ಮನೆಯ ಅಜ್ಜಿಯ ಜಗಲಿಯಲ್ಲಿ ಕೂತು ನೀರು ಕೇಳಿದ್ದಾರೆ. ಮಾತಿಗೆ ಮಾತು ಬೆಳೆದು ಅಜ್ಜಿ ಅಂದರಂತೆ: ‘ಬಾಡಿಗೆಗೆ ಬರೋರು ನೀವೇ ಅಲ್ವಾ? ಬನ್ನಿ ಬನ್ನಿ. ಆ ಮನೆ ಹೆಣ್ಣುಮಗಳು ದೀಪಾವಳಿಗೆ ಬಂದು ಬೀಗ ನೋಡ್ಕೊಂಡು ಹೋದ್ಲು ಪಾಪ. ಅಣ್ಣ ತಂಗಿ ಮಾತಾಡಲ್ಲ.’

ತಂಗಿ! ‘ಬಾಡಿಗೆ ಮನೆ ನೋಡೋಕೆ ಬಂದಿದೀವಿ ಅನ್ನಿ’ ಎಂಬ ಮಾತಿನ ಅರ್ಥ ಆ ಸಂಜೆ ನಮಗೆ ಆಯಿತು. ಮನೆ ಮಾರಾಟಕ್ಕಿದೆ ಎಂಬ ಸುದ್ದಿ ಆಕೆಗೆ ಮುಟ್ಟಬಾರದಿತ್ತು.

ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ತಂದೆ ಸ್ವಂತ ದುಡಿಮೆಯಲ್ಲಿ ಕೊಂಡ ಆಸ್ತಿಗೆ ಉಯಿಲು ಬರೆಯದೆ ತೀರಿಕೊಂಡರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಇದು 1956ರಿಂದಲೇ ಇರುವ ನಿಯಮ. ಪಿತ್ರಾರ್ಜಿತ ಆಸ್ತಿಯಲ್ಲೂ ಮಗಳು ಹುಟ್ಟಿನಿಂದಲೇ ಮಗನಷ್ಟೇ ಹಕ್ಕುದಾರಳು ಎಂಬುದು 2005ರ ತಿದ್ದುಪಡಿಯಿಂದ ಬಂತು, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಸ್ಪಷ್ಟ ಮಾಡಿತು. ಈ ಮನೆಯ ತಾಯಿಯೂ ಈಗ ಇಲ್ಲ. ಅಂದರೆ ಅರ್ಧ ಮನೆ ತಂಗಿಯದು. ಆಕೆಯ ಸಹಿ ಇಲ್ಲದೆ ಅಣ್ಣ ಬರೆದುಕೊಟ್ಟರೆ ನಮಗೆ ಬರುವುದು ಅಣ್ಣನ ಪಾಲು ಮಾತ್ರ. ಜೊತೆಗೆ ಒಂದು ಪಾಲು ವಿಭಾಗದ ದಾವೆ ಉಚಿತ.

‘ಆ ಹೆಣ್ಣುಮಗಳ ಸಹಿ ಬೇಕು’

ಬ್ರೋಕರ್ ಅಂಕಲ್‌ರನ್ನು ಮನೆಗೆ ಕರೆದೆವು. ಕಾಫಿ ಕೊಟ್ಟೆವು. ಅಪ್ಪ ವಿಷಯ ತೆಗೆದಾಗ ಅವರು ಮೊದಲು ಬೇಸರಪಟ್ಟರು, ಆಮೇಲೆ ಹೊಸ ಉಪಾಯ ಹೇಳಿದರು. ‘ಅಷ್ಟೇ ತಾನೆ? ತಂಗಿ ಕೈಲಿ ಒಂದು ಬಾಂಡ್ ಪೇಪರ್ ಮೇಲೆ ಬರೆಸಿ ನೋಟರಿ ಮಾಡಿಸಿ ತಂದುಕೊಡ್ತೀನಿ. ಆಯಮ್ಮ ರಿಜಿಸ್ಟರ್ ಆಫೀಸಿಗೆ ಬರೋದೇ ಬೇಡ.’ ಸ್ಥಿರಾಸ್ತಿಯ ಹಕ್ಕು ಬಿಟ್ಟುಕೊಡುವ ಪತ್ರ ನೋಂದಣಿಯಾಗಲೇಬೇಕು, ನೋಟರಿ ಮುದ್ರೆ ಸಾಲದು ಎಂದು ಅಷ್ಟೊತ್ತಿಗೆ ನನಗೆ ಗೊತ್ತಿತ್ತು. ಹೇಳಲು ಬಾಯಿ ತೆರೆದೆ. ಅದಕ್ಕೆ ಮೊದಲೇ ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಮಾತಾಡಿದರು.

‘ಆ ಹೆಣ್ಣುಮಗಳು ಬಂದು, ಓದಿ, ಸಹಿ ಹಾಕ್ಬೇಕು. ಅವಳ ದುಡ್ಡು ಅವಳ ಅಕೌಂಟಿಗೆ ಹೋಗ್ಬೇಕು. ಇಲ್ಲಾಂದ್ರೆ ಆ ಮನೇಲಿ ನಾನು ಹಾಲು ಉಕ್ಕಿಸಲ್ಲ.’

ಅವರು ಹೋದ ಮೇಲೆ ಅಮ್ಮ ನನಗೆ ಹೇಳಿದ ಸಂಗತಿ ನಾನು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಮಾವಂದಿರು ಅಮ್ಮನನ್ನು ಊರಿಗೆ ಕರೆಸಿಕೊಂಡಿದ್ದರು. ಹಬ್ಬಕ್ಕೆ ಎಂದೇ ಅಮ್ಮ ಹೋಗಿದ್ದು. ಕಾರಿನಲ್ಲಿ ತಾಲ್ಲೂಕು ಕಚೇರಿಗೆ ಕರೆದುಕೊಂಡು ಹೋಗಿ ‘ಇಲ್ಲಿ ಹೆಬ್ಬೆಟ್ಟು, ಇಲ್ಲಿ ಸಹಿ’ ಎಂದರು. ವಾಪಸ್ ಬರುವಾಗ ಒಂದು ರೇಷ್ಮೆ ಸೀರೆ, ಅರಿಶಿನ–ಕುಂಕುಮ, ಐದು ಸಾವಿರ ರೂಪಾಯಿ ಕೊಟ್ಟರು. ‘ಕೇಳಿದ್ರೆ ನಾನೇ ಬಿಟ್ಕೊಡ್ತಿದ್ದೆ. ಕೇಳ್ಲಿಲ್ಲ ಅನ್ನೋದೇ’ ಎಂದು ಅಮ್ಮ ಮತ್ತೆ ಹೊಲಿಗೆಗೆ ಕೂತರು. ಆ ಸೀರೆಯನ್ನು ಅಮ್ಮ ಉಟ್ಟಿದ್ದನ್ನು ನಾನು ನೋಡಿಲ್ಲ.

ಮುಂದಿನ ಮೂರು ವಾರ ಭಯದಲ್ಲೇ ಕಳೆದೆವು. ಎರಡು ಲಕ್ಷ ಅವರ ಬಳಿ ಇತ್ತು. ಈಗಿನ ಬಾಡಿಗೆ ಮನೆಯವರಿಗೆ ಖಾಲಿ ಮಾಡುತ್ತೇವೆ ಎಂದು ಹೇಳಿ ಆಗಿತ್ತು. ನನಗೆ ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂದಿತ್ತು. ಪುಸ್ತಕ ತೆರೆದರೆ ಚೆಕ್ಕುಬಂದಿಯೇ ಕಾಣುತ್ತಿತ್ತು. ಮಾಲೀಕರು ಫೋನ್ ಎತ್ತಲಿಲ್ಲ. ಕರಾರಿನ ಆ ಒಂದು ಸಾಲನ್ನು ನೆನಪಿಸಿ ವಕೀಲರು ಪತ್ರ ಬರೆದ ಮೇಲೆ ಮಾತು ಮುಂದೆ ಹೋಯಿತು.

ಆಶ್ಚರ್ಯ ಏನೆಂದರೆ, ತಂಗಿಯನ್ನು ಒಪ್ಪಿಸಲು ತಿಪಟೂರಿಗೆ ಎರಡು ಸಲ ಬಸ್ಸು ಹತ್ತಿ ಹೋದವರು ಬ್ರೋಕರ್ ಅಂಕಲ್ಲೇ. ‘ಮೊದಲೇ ಯಾಕೆ ಹೇಳ್ಲಿಲ್ಲ?’ ಎಂದು ಅಪ್ಪ ಕೇಳಿದಾಗ ಅವರು ನಿಜ ಹೇಳಿದರು: ‘ಹೇಳಿದ್ರೆ ನೀವು ಓಡಿಹೋಗ್ತಿದ್ರಿ. ನಿಮಗಿಂತ ಮುಂಚೆ ನಾಲ್ಕು ಪಾರ್ಟಿ ಹಂಗೇ ಹೋದ್ರು. ರಿಜಿಸ್ಟರ್ ಆಗದಿದ್ರೆ ನನಗೆ ಒಂದು ರೂಪಾಯಿ ಇಲ್ಲ ಅಣ್ಣಾ.’ ಅವರ ಕಷ್ಟ ಅದು. ಕಮಿಷನ್ ಸಿಗುವುದು ವ್ಯವಹಾರ ಮುಗಿದರೆ ಮಾತ್ರ, ಅದು ಸರಿಯಾಗಿ ಮುಗಿಯಿತೋ ಇಲ್ಲವೋ ಎಂಬುದು ಆಮೇಲಿನ ಮಾತು. ರೇರಾ ಕಾಯ್ದೆ ಅಡಿ ಏಜೆಂಟರು ನೋಂದಣಿ ಮಾಡಿಸಬೇಕಿರುವುದು ಆ ಕಾಯ್ದೆಯಡಿ ನೋಂದಾಯಿತವಾದ ಬಡಾವಣೆ, ಅಪಾರ್ಟ್‌ಮೆಂಟ್ ಯೋಜನೆಗಳ ಮಾರಾಟಕ್ಕೆ. ನಮ್ಮ ಬೀದಿಯ ಹಳೆ ಮನೆ ತೋರಿಸುವ ಬ್ರೋಕರ್‌ಗೆ ಅಂಥ ಕಟ್ಟುಪಾಡಿಲ್ಲ. ಹಾಗಾಗಿ ಪರೀಕ್ಷೆ ಮಾಡಬೇಕಾದವರು ನಾವೇ.

ಎರಡು ಸಹಿ, ಎರಡು ಡಿಡಿ

ಸಂಕ್ರಾಂತಿ ಕಳೆದು ಎರಡನೇ ವಾರ ನೋಂದಣಿಯಾಯಿತು. ಕ್ರಯಪತ್ರದಲ್ಲಿ ಮಾರುವವರು ಇಬ್ಬರು. ಬೆಲೆ ಪೂರ್ತಿ ₹32 ಲಕ್ಷ. ಅಣ್ಣ–ತಂಗಿಗೆ ಎಷ್ಟೆಷ್ಟು ಎಂಬುದನ್ನು ಅವರೇ ಮಾತಾಡಿಕೊಂಡಿದ್ದರು, ಬ್ಯಾಂಕಿನಿಂದ ಇಬ್ಬರ ಹೆಸರಿಗೂ ಬೇರೆ ಬೇರೆ ಡಿಡಿ ಬಂತು. ಉಪನೋಂದಣಾಧಿಕಾರಿ ಕಚೇರಿಯ ಬೆಂಚಿನ ಮೇಲೆ ಅಣ್ಣ ಒಂದು ತುದಿ, ತಂಗಿ ಇನ್ನೊಂದು ತುದಿ. ನಡುವೆ ಅಮ್ಮ. ಆಕೆ ಪತ್ರವನ್ನು ಮೊದಲಿಂದ ಕೊನೆಯವರೆಗೆ ಓದಿದರು. ಹಿಂದಿನವರು ಗೊಣಗಿದರು. ಅಮ್ಮ ‘ಓದ್ಲಿ ಬಿಡಿ’ ಎಂದರು.

ಕರಾರು ಬರೆಸುವಾಗ ಬ್ರೋಕರ್ ಅಂಕಲ್ ಕಮಿಷನ್ ಪೂರ್ತಿ ಅವತ್ತೇ ಬೇಕು ಎಂದಿದ್ದರು. ಅರ್ಧ ಕೊಟ್ಟು ಅರ್ಧ ಉಳಿಸಿಕೊಂಡಿದ್ದೆವು. ಉಳಿದರ್ಧವನ್ನು ಕಚೇರಿಯ ಹೊರಗೆ ಅಪ್ಪ ಅವರ ಖಾತೆಗೆ ಹಾಕಿದರು. ತಿಪಟೂರಿನ ಬಸ್ ಚಾರ್ಜನ್ನೂ ಸೇರಿಸಿ ಹಾಕಿದರು. ಅಪ್ಪನ ದಾಕ್ಷಿಣ್ಯ ಪೂರ್ತಿ ಹೋಗಿಲ್ಲ.

ಗೃಹಪ್ರವೇಶಕ್ಕೆ ತಂಗಿಯನ್ನೂ ಕರೆದಿದ್ದೆವು. ಬರುವರೋ ಇಲ್ಲವೋ ಅಂದುಕೊಂಡಿದ್ದೆವು, ಬಂದರು. ಊಟಕ್ಕೆ ಮೊದಲು ಸೀದಾ ಒಳಗೆ ಹೋಗಿ ಅಮ್ಮನಿಗೆ ಒಂದೊಂದೇ ತೋರಿಸಿದರು. ‘ಈ ಕಿಟಕಿಯಿಂದ ಎರಚಲು ಬರುತ್ತೆ, ಮಳೆಗಾಲಕ್ಕೆ ಮುಂಚೆ ಮೇಲೊಂದು ಶೀಟ್ ಹಾಕಿಸಿ. ಸಂಪಿಗೆ ಬೇಸಿಗೆಯಲ್ಲಿ ನೀರು ಬರೋದು ಬೆಳಗ್ಗೆ ಐದಕ್ಕೆ, ಮಲಗಿಬಿಟ್ರೆ ಸಿಗಲ್ಲ.’ ಮೂರು ತಿಂಗಳಲ್ಲಿ ಆ ಮನೆಯ ಬಗ್ಗೆ ನಮಗೆ ಇಷ್ಟು ನಿಜ ಯಾರೂ ಹೇಳಿರಲಿಲ್ಲ.

ಎದುರು ಮನೆಯ ಅಜ್ಜಿ ಹೋಳಿಗೆ ತಿನ್ನುತ್ತಾ ನನ್ನನ್ನು ಹತ್ತಿರ ಕರೆದರು. ‘ಬಾಡಿಗೆಗೆ ಅಂದಿದ್ದೆ ಅಲ್ವೇನೇ?’ ಎಂದರು. ‘ಸುಳ್ಳು ಹೇಳಿದ್ದೆ ಅಜ್ಜಿ’ ಎಂದೆ.

ನೆನಪಿರಲಿ

* ಹಣ ಹೋಗಬೇಕಾದದ್ದು ಪತ್ರದಲ್ಲಿ ಮಾಲೀಕರೆಂದು ಹೆಸರಿರುವವರ ಖಾತೆಗೆ ಮಾತ್ರ. ಬ್ರೋಕರ್, ಅವರ ಮನೆಯವರು, ಮಾಲೀಕರ ಸ್ನೇಹಿತರು ಯಾರ ಖಾತೆಗೂ ಬೇಡ.

* ದಾಖಲೆ ದೋಷವಿದ್ದರೆ ಮುಂಗಡ ಇಂತಿಷ್ಟು ದಿನದಲ್ಲಿ ವಾಪಸ್ ಎಂಬ ಸಾಲು ಕರಾರಿನಲ್ಲಿ ಇರಲಿ. ಕರಾರು ಬರೆಯುವ ವಕೀಲರನ್ನು ನೀವೇ ಹುಡುಕಿಕೊಳ್ಳಿ.

* ಇಸಿ, ಮೂಲಪತ್ರ, ಇ–ಖಾತಾ ಜೊತೆಗೆ ವಂಶವೃಕ್ಷ ಕೇಳಿ. ಅದರಲ್ಲಿರುವ ಹೆಣ್ಣುಮಕ್ಕಳ ಸಹಿ ಎಲ್ಲಿದೆ ಎಂದೂ ಕೇಳಿ.

* ನೋಂದಣಿಗೆ ಮೊದಲು ಬೀಗದಕೈ ತೆಗೆದುಕೊಳ್ಳುವುದು, ರಿಪೇರಿ ಮಾಡಿಸುವುದು, ಹಾಲು ಉಕ್ಕಿಸುವುದು ಬೇಡ. ಮುಹೂರ್ತ ಮತ್ತೆ ಬರುತ್ತದೆ.

* ಕ್ರಯದ ದಿನದವರೆಗಿನ ಕಂದಾಯ, ನೀರಿನ ಬಾಕಿ ತೀರಿಸುವುದು ಸಾಮಾನ್ಯವಾಗಿ ಮಾರುವವರ ಹೊಣೆ. ‘ನೀವೇ ಕಟ್ಟಿಬಿಡಿ’ ಎಂದರೆ ರಸೀದಿ ಇಟ್ಟುಕೊಂಡು ಬೆಲೆಯಲ್ಲಿ ಕಳೆಯಿರಿ.

* ‘ಯಾರಿಗೂ ಹೇಳಬೇಡಿ’ ಎಂದು ಯಾರಾದರೂ ಹೇಳಿದರೆ, ಮರುದಿನವೇ ಎದುರು ಮನೆಯ ಜಗಲಿಯಲ್ಲಿ ಕೂತು ಒಂದು ಲೋಟ ನೀರು ಕೇಳಿ.